ಮೇಲಿನ ರೂಮಿನಲ್ಲಿ ಯಾರೂ ಇಲ್ಲ

ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ನಮ್ಮ ಮನೆಯ ಮಹಡಿಯ ಮೇಲೆ ಒಂದು ರೂಮಿದೆ. ಮನೆಯ ಪ್ಲ್ಯಾನಿನಲ್ಲಿ ಅದಿಲ್ಲ. ಮನೆ ಕಟ್ಟಿ ಮುಗಿದಾಗ ಒಂದಿಷ್ಟು ಸಿಮೆಂಟು, ಇಟ್ಟಿಗೆ ಮಿಕ್ಕಿತ್ತು. ಬೇರೆಯವರಾದರೆ ನೀರಿನ ತೊಟ್ಟಿ ಕಟ್ಟಿಸುತ್ತಿದ್ದರು. ನನ್ನ ಗಂಡ ರೂಮು ಕಟ್ಟಿಸಿದರು. ಅಂದಿನಿಂದ ಕೈಯಲ್ಲಿ ಫೈಲು ಹಿಡಿದು ಯಾರೇ ಗೇಟು ತಟ್ಟಲಿ, ಮನೆ ಕಂದಾಯದವರಿರಲಿ, ಕರೆಂಟಿನವರಿರಲಿ, ನಮ್ಮದು ಒಂದೇ ಉತ್ತರ: ಮೇಲೆ ಯಾರೂ ಇಲ್ಲ, ಊರಿನಿಂದ ಬಂದ ರಾಗಿ ಮೂಟೆ ಹಾಕಿದ್ದೇವೆ. ನಮ್ಮ ಬೀದಿಯಲ್ಲಿ ಎಲ್ಲರದೂ ಇದೇ ಕಥೆ. ಪಕ್ಕದ ಮನೆಯವರ ಮಹಡಿಯಲ್ಲಿ ಹಳೆ ಸಾಮಾನು ಇರುತ್ತದೆ, ಎದುರು ಮನೆಯವರ ಮಹಡಿಯಲ್ಲಿ ದೇವರ ಕೋಣೆ. ಆ ಹಳೆ ಸಾಮಾನು ಬೆಳಗ್ಗೆ ಎದ್ದು, ಹಲ್ಲುಜ್ಜಿ, ಫ್ಯಾಕ್ಟರಿ ಬಸ್ಸು ಹತ್ತಿ ಶಿಫ್ಟಿಗೆ ಹೋಗುವುದನ್ನು ಬೀದಿಯೆಲ್ಲ ನೋಡುತ್ತದೆ. ಇದನ್ನೊಂದು ಸುಳ್ಳು ಎಂದು ನಾವು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈಗ್ಗೆ ಮೂರು ವರ್ಷದ ಹಿಂದೆ ಆ ರೂಮು ಕೇಳಿಕೊಂಡು ಒಬ್ಬ ಹುಡುಗಿ ಬಂದಳು. ಆಫ್ರಿಕಾದ ಮಲಾವಿ ಎಂಬ ದೇಶದವಳು. ಇಲ್ಲಿಯ ಒಂದು ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದ ಒಂದು ವರ್ಷದಲ್ಲಿ ತಮಿಳೂ ಕನ್ನಡವೂ ಕಲಿತಿದ್ದಳು, ಅಲ್ಲಿಯ ಊಟ ಮಾತ್ರ ಒಗ್ಗಿರಲಿಲ್ಲ. ಅದಾಗಲೇ ನಾಲ್ಕು ಮನೆಯವರು ಅವಳ ಮುಖ ನೋಡಿಯೇ ರೂಮು ಖಾಲಿ ಇಲ್ಲ ಎಂದಿದ್ದರಂತೆ. ನಾನೂ ಹಾಗೇ ಹೇಳುವವಳಿದ್ದೆ, ಮುಚ್ಚಿಡುವುದೇನು. ಅಷ್ಟರಲ್ಲಿ ಅವಳು ಬಾಗಿಲಿನಿಂದಲೇ ಒಳಗೆ ಇಣುಕಿ, ಒಲೆಯ ಮೇಲೆ ನಾನು ತಿರುವಿಟ್ಟಿದ್ದ ಮುದ್ದೆ ನೋಡಿ ಜೋರಾಗಿ ನಕ್ಕುಬಿಟ್ಟಳು. ನನಗೆ ರೇಗಿತು. ಮುದ್ದೆಯಲ್ಲಿ ನಗುವಂಥದ್ದು ಏನಿದೆ? ಅವಳು ಫೋನು ತೆಗೆದು ಒಂದು ಫೋಟೊ ತೋರಿಸಿದಳು. ಅವಳ ತಾಯಿ ಕಾಲು ಚಾಚಿ ಕೂತು, ಅದೇ ಕೋಲಿನಲ್ಲಿ ಅದೇ ಮುದ್ದೆ ತಿರುವುತ್ತಿದ್ದರು. ಮುಸುಕಿನ ಜೋಳದ ಹಿಟ್ಟಿನದಾದ್ದರಿಂದ ಬೆಳ್ಳಗಿತ್ತು, ಅಷ್ಟೇ. ಅಂಥ ಮನೆಯ ಹುಡುಗಿಗೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನಾನು ನನ್ನ ಕಟ್ಟಳೆಗಳನ್ನು ಹೇಳಿದೆ. ಮೆಟ್ಟಿಲ ಮೇಲೆ ಚಪ್ಪಲಿ ಕೂಡದು, ಬಟ್ಟೆ ಒಗೆಯುವುದು ವಾರಕ್ಕೆ ಎರಡು ಸಲ, ಗ್ಯಾಸು ನೋಡಿ ಆರಿಸಬೇಕು. ಅವಳು ತಲೆಯಾಡಿಸಿದಳು. ಆಮೇಲೆ ನೋಡಿದರೆ ಅವಳ ಕಟ್ಟಳೆಗಳು ನನ್ನವಕ್ಕಿಂತ ಹೆಚ್ಚಿದ್ದವು. ಬಾಗಿಲಿನ ಒಳಮೈಗೆ ಒಂದು ಹಾಳೆ ಅಂಟಿಸಿದ್ದಳು. ವೀಸಾ ಮುಗಿಯುವ ದಿನ, ಅದನ್ನು ಮುಂದುವರಿಸಲು ಅರ್ಜಿ ಹಾಕಬೇಕಾದ ದಿನ, ಹಾಜರಿ ಇಷ್ಟಿರಬೇಕು, ವಿಳಾಸ ಬದಲಾದರೆ ತಿಳಿಸಬೇಕು, ಕೂಲಿ ಕೆಲಸ ಮಾಡಬಾರದು. ನಾವು ಹೊರಗೆ ಹೊರಡುವಾಗ ದೇವರ ಪಟದ ಕಡೆ ನೋಡುವ ಹಾಗೆ ಅವಳು ದಿನಾ ಅದನ್ನೊಮ್ಮೆ ನೋಡಿ ಹೊರಡುತ್ತಿದ್ದಳು. ಮೈ ಸುಡುವ ಜ್ವರದಲ್ಲೂ ಕಾಲೇಜಿಗೆ ಹೋಗಿದ್ದುಂಟು. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಒಮ್ಮೆ ನಾಲ್ಕು ರವಿಕೆಗೆ ಹುಕ್ಕು ಹಾಕಿಕೊಟ್ಟಳೆಂದು ಕೈಗೆ ಕಾಸು ಕೊಡಲು ಹೋದರೆ ಬೆಂಕಿ ಮುಟ್ಟಿದವಳಂತೆ ಹಿಂದೆ ಸರಿದಳು.

“ಬ್ಯಾಡ ಅಕ್ಕ, ವೀಸಾ.”

“ನಿನ್ ವೀಸಾ ಏನಮ್ಮಿ ಅತ್ತೆ ಆಯ್ತಾ? ಇಷ್ಟೊಂದ್ ಹೆದ್ರುತೀಯ!” ಎಂದು ನಾನು ಚುಡಾಯಿಸಿದೆ. ಅವಳೂ ನಕ್ಕಳು.

ವಿಳಾಸಕ್ಕೆ ಪುರಾವೆ ಬೇಕೆಂದು ಬಾಡಿಗೆ ಕರಾರು ಬರೆಸಿ ತಂದಾಗ ನಾನು ಮನಸ್ಸಿಲ್ಲದೆ ಸಹಿ ಹಾಕಿದ್ದೆ. “ಇದ್ನ ಯಾರ್ಗೂ ತೋರ್ಸ್‌ಬ್ಯಾಡ ಕಣಮ್ಮಿ” ಎಂದೆ. ಅವಳು ಕಣ್ಣು ಬಿಟ್ಟು ನೋಡಿ, “ತೋರ್ಸಕ್ಕೇ ಅಲ್ವಾ ಅಕ್ಕ ಬರ್ಸಿದ್ದು?” ಎಂದಳು. ಆಗಿನ್ನೂ ಅವಳಿಗೆ ನಮ್ಮ ಬೀದಿ ಅರ್ಥವಾಗಿರಲಿಲ್ಲ. ವರ್ಷಕ್ಕೊಮ್ಮೆ ವೀಸಾ ಮುಂದುವರಿಸಲು ಅರ್ಜಿ ಹಾಕುತ್ತಿದ್ದಳು. ಎರಡು ಸಲವೂ ಕಾಗದದಲ್ಲೇ ಮುಗಿಯಿತು, ಮನೆಯ ಹತ್ತಿರ ಯಾರೂ ಬರಲಿಲ್ಲ.

ಕೊನೆಯ ವರ್ಷ. ಇನ್ನು ಆರು ತಿಂಗಳು ಆಸ್ಪತ್ರೆಯ ಕೆಲಸ ಮುಗಿಸಿದರೆ ಓದು ಮುಗಿಯುತ್ತಿತ್ತು. ಜನವರಿ ಕೊನೆಗೆ ವೀಸಾದ ಅವಧಿ ತೀರುವುದಿತ್ತು, ಅವಳು ಎಂದಿನಂತೆ ಮುಂಚೆಯೇ ಅರ್ಜಿ ಹಾಕಿದ್ದಳು. ಊರಿನಿಂದ ಹೊಸ ರಾಗಿ ಬಂದಿತ್ತು. ಒಂದು ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಮನೆ ಮುಂದೆ ಹಳೆ ಸೀರೆ ಹಾಸಿ ಅದನ್ನು ಒಣಗಿಸುತ್ತಿದ್ದೆ. ಗೇಟಿನ ಹತ್ತಿರ ಒಬ್ಬ ಮನುಷ್ಯ ಗಾಡಿ ನಿಲ್ಲಿಸಿದ. ಸಾದಾ ಅಂಗಿ, ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದು ಕೈಯಲ್ಲಿ ಫೈಲು. ನನಗೆ ಫೈಲು ಮಾತ್ರ ಕಂಡಿತು.

“ಮೇಲೆ ಯಾರಮ್ಮಾ ಇರೋದು, ಬಾಡಿಗೆಯವರಾ?” ಎಂದು ತಮಿಳಿನಲ್ಲಿ ಕೇಳಿದ.

“ಯಾರುಂ ಇಲ್ಲ ಸಾರ್,” ನಾನೂ ತಮಿಳಿನಲ್ಲೇ ಅಂದೆ. ಅವನ ಮಾತು ಮುಗಿಯುವವರೆಗೂ ಕಾಯಲಿಲ್ಲ. ರಾಗಿ ಮೂಟೆ ಹಾಕಿದ್ದೇವೆ, ಬೇಕಾದರೆ ಹತ್ತಿ ನೋಡಿ ಎಂದು ಕೈಯನ್ನೂ ತೋರಿಸಿದೆ.

ಅವನು ಸೀರೆಯ ಮೇಲಿನ ರಾಗಿ ನೋಡಿದ. ಹತ್ತಿ ನೋಡಲಿಲ್ಲ. ಏನೋ ಬರೆದುಕೊಂಡ, ಸಹಿ ಕೇಳಿದ, ನಾನು ಓದದೆ ಹಾಕಿಕೊಟ್ಟೆ. ಕುಡಿಯಲು ನೀರನ್ನೂ ಕೊಟ್ಟೆ. ಹದಿನೈದು ವರ್ಷ ಗಡಿಯಾರದ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಸಾಸಿವೆಗಿಂತ ಸಣ್ಣ ತಿರುಪು ಕೂರಿಸಿದವಳು ನಾನು. ಆ ದಿನ ಆ ಹಾಳೆಯ ಮೇಲೆ ಕಣ್ಣಾಡಿಸುವಷ್ಟು ವ್ಯವಧಾನ ಇರಲಿಲ್ಲ. ಗಂಡ ಶಿಫ್ಟು ಮುಗಿಸಿ ಬಂದಾಗ, ಕಂದಾಯದವನು ಬಂದಿದ್ದ, ಸಾಗಹಾಕಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡೆ.

ಪೊಂಗಲ್‌ಗೆ ಐದು ದಿನ ಇರುವಾಗ ಹುಡುಗಿ ಫೋನು ಹಿಡಿದು ಕೆಳಗೆ ಬಂದಳು. ಅರ್ಜಿ ತಿರಸ್ಕಾರವಾಗಿತ್ತು. ವಿಚಾರಣೆಗೆ ಹೋದಾಗ ಕೊಟ್ಟ ವಿಳಾಸದಲ್ಲಿ ಅಂಥವರು ಯಾರೂ ವಾಸವಿಲ್ಲವೆಂದು ತಿಳಿದುಬಂದಿದೆ ಎಂದು ಬರೆದಿತ್ತು. ಅಂದು ಬಂದಿದ್ದವನು ಕಂದಾಯದವನಲ್ಲ, ವೀಸಾ ವಿಚಾರಣೆಗೆ ಬಂದ ಪೊಲೀಸಿನವನು. ಹೆಲ್ಮೆಟ್ಟು, ಫೈಲು, ನೀರಿನ ಲೋಟ ಎಲ್ಲ ಕಣ್ಣ ಮುಂದೆ ಬಂದವು.

“ಬೇರೆ ಬೀದಿಗೆ ಹೋಗವ್ರೆ ಅನ್ಸುತ್ತೆ ಅಕ್ಕ. ತಪ್ಪು ಮನೆ.”

“ಇರ್ಬೋದಮ್ಮಿ” ಎಂದೆ.

ಈ ಒಂದು ಮಾತನ್ನು ನಾನು ಇವತ್ತಿಗೂ ಸಹಿಸಲಾರೆ. ಮೊದಲನೆಯದು ಬಾಯಿ ಅಭ್ಯಾಸ. ಇದು ಹಾಗಲ್ಲ, ಗೊತ್ತಿದ್ದೂ ಆಡಿದ್ದು. ನಿಜ ಹೇಳಿದರೆ ಅವಳ ಮುಖ ಹೇಗಾಗುತ್ತದೋ ಎಂಬ ಭಯ, ಪೊಲೀಸರ ಮುಂದೆ ಸುಳ್ಳು ಹೇಳಿ ಸಹಿ ಹಾಕಿದ್ದೇನೆ ಎಂಬ ಇನ್ನೊಂದು ಭಯ, ರೂಮಿನ ವಿಷಯ ಹೊರಗೆ ಬರುತ್ತದಲ್ಲ ಎಂಬ ಮೂರನೆಯದು. ಗಂಡನಿಗೆ ಮಾತ್ರ ಹೇಳಿದೆ. “ಬುಡು, ಕಾಲೇಜ್‌ನೋರು ಸರಿ ಮಾಡ್ಕೊತಾರೆ, ನೀನ್ಯಾಕ್ ಮೈಮೇಲೆ ಎಳ್ಕೊಂತೀಯ” ಎಂದರು. ಹೇಡಿಗೆ ಹೇಡಿಯ ಮಾತು ಹಿತವಾಗಿರುತ್ತದೆ. ನಾನು ಬಿಟ್ಟೆ.

ಅವಳು ದಿನಾ ಕಾಲೇಜಿನ ಕಚೇರಿಗೆ ಅಲೆದಳು. ಅವರು ಹೊಸದಾಗಿ ಒಂದು ಪತ್ರ ಕೊಟ್ಟರು, ಮನೆ ಮಾಲೀಕರನ್ನು ಕರೆದುಕೊಂಡು ಕೃಷ್ಣಗಿರಿಯ ಜಿಲ್ಲಾ ಪೊಲೀಸ್ ಕಚೇರಿಗೆ ಹೋಗು ಎಂದರು. “ನಾಳೆ ಬರ್ತೀರಾ ಅಕ್ಕ?” ಎಂದು ಕೇಳಿದಳು. ನನಗೆ ಹೊಲಿಗೆ ಇತ್ತು. ಮಾರನೆಯ ದಿನವೂ ಇತ್ತು. ಹಬ್ಬದ ಮುಂಚೆ ದರ್ಜಿಗೆ ಪುರುಸೊತ್ತು ಎಲ್ಲಿರುತ್ತದೆ ಎಂದು ಅವಳೇ ಸಮಾಧಾನ ಮಾಡಿಕೊಂಡಳು. ಆಮೇಲೆ ಪೊಂಗಲ್ ರಜೆ ಬಂತು, ಕಚೇರಿಗಳು ಮುಚ್ಚಿದವು.

ಎರಡು ವರ್ಷದಿಂದ ಹಬ್ಬಕ್ಕೆ ಅವಳು ನಮ್ಮ ಜೊತೆ ರಾಯಕೋಟೆ ಹತ್ತಿರದ ನಮ್ಮ ಊರಿಗೆ ಬರುತ್ತಿದ್ದಳು. ಈ ಸಲ ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು. ಒಬ್ಬಳೇ ಕೂತರೆ ತಲೆ ಕೆಡುತ್ತದೆ ಎಂದಳು. ಪೊಂಗಲ್‌ನ ಮಾರನೆಯ ದಿನ, ದನಗಳ ಹಬ್ಬದಂದು, ಹಿತ್ತಿಲ ಜಗಲಿಯಲ್ಲಿ ನಾವಿಬ್ಬರೇ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದೆವು. ಅವಳು ಆ ಕೆಲಸದಲ್ಲಿ ನನಗಿಂತ ಚುರುಕು. ಕಾಳು ಹಿಚುಕುತ್ತಲೇ, ನೀವು ಬಂದು ಒಂದು ಮಾತು ಹೇಳಿದರೆ ಸಾಕು ಅಕ್ಕ, ನಿಮ್ಮ ಮಾತನ್ನು ಅವರು ನಂಬುತ್ತಾರೆ ಎಂದಳು. ನನ್ನ ಕೈ ನಿಂತುಹೋಯಿತು.

“ನಾನೇ ಕಣಮ್ಮಿ ಯಾರೂ ಇಲ್ಲ ಅಂದಿದ್ದು” ಎಂದುಬಿಟ್ಟೆ.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ನಾನು ಎಲ್ಲ ಹೇಳಿದೆ, ಕಂದಾಯದವನೆಂದು ತಿಳಿದದ್ದು, ರಾಗಿ ಮೂಟೆ, ಸಹಿ. ಅವಳು ಕೂಗಾಡುತ್ತಾಳೆ ಎಂದು ಕಾದೆ. ಕೂಗಾಡಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಅವಳು ಕೇಳಿದ್ದು ಒಂದೇ: “ನಿಮ್ಗೆ ಯಾವತ್ ಗೊತ್ತಾಯ್ತು?”

“ನೀನು ಫೋನ್ ತೋರ್ಸಿದ್ ದಿನಾನೇ.”

ಅವಳು ಬೆರಳು ಮಡಿಸಿ ಎಣಿಸಿದಳು. ಬೆರಳಿಗೆ ಅವರೆಯ ಸಿಪ್ಪೆ ಅಂಟಿತ್ತು. “ಆರ್ ದಿನ ಅಕ್ಕ” ಎಂದಳು. ಎದ್ದು ಹೋಗಿ ಕೈ ತೊಳೆದುಕೊಂಡಳು. ಆ ದಿನ ಅವಳು ಊಟ ಮಾಡಲಿಲ್ಲ, ನಾನೂ ಬಲವಂತ ಮಾಡಲಿಲ್ಲ. ಯಾವ ಮುಖದಿಂದ ಮಾಡಲಿ?

ರಜೆ ಮುಗಿದ ಮೊದಲ ದಿನವೇ ಇಬ್ಬರೂ ಕೃಷ್ಣಗಿರಿಯ ಬಸ್ಸು ಹತ್ತಿದೆವು. ಕಚೇರಿಯಲ್ಲಿ ವಿದೇಶಿಯರ ಕಾಗದ ನೋಡುತ್ತಿದ್ದವರು ಒಬ್ಬ ಹೆಂಗಸು, ನನ್ನ ವಯಸ್ಸಿನವರು. ಕೈಯಲ್ಲಿ ಬಾಡಿಗೆ ಕರಾರು, ಮುಂದೆ ನನ್ನ ಸಹಿ ಇದ್ದ ಹಳೆಯ ವರದಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ನೋಡಿದರು.

“ಇಲ್ಲ ಅಂದವರೂ ನೀವೇ, ಇದ್ದಾಳೆ ಅನ್ನುವವರೂ ನೀವೇ. ನಾನು ಯಾವುದನ್ನಮ್ಮಾ ನಂಬಲಿ?” ಎಂದು ತಮಿಳಿನಲ್ಲಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು. ಇವತ್ತಿನದನ್ನು ನಂಬಿ ಎಂದೆ. ರೂಮು ಪ್ಲ್ಯಾನಿನಲ್ಲಿ ಇಲ್ಲದ್ದನ್ನೂ ಸೇರಿಸಿ ಹೇಳಿಕೆ ಬರೆದುಕೊಟ್ಟೆ. ಅವರು ಓದಿ, ಮರುವಿಚಾರಣೆಗೆ ಕಳಿಸುತ್ತೇನೆ, ಆದರೆ ಗಣರಾಜ್ಯೋತ್ಸವದ ಬಂದೋಬಸ್ತು ಮುಗಿಯುವವರೆಗೆ ಆಳುಗಳಿಲ್ಲ ಎಂದರು. “ಪೊಂಗಲ್‌ಗೆ ಮುಂಚೆ ಬಂದಿದ್ದರೆ ಅವತ್ತೇ ಯಾರನ್ನಾದರೂ ಕಳಿಸಿ ಮುಗಿಸುತ್ತಿದ್ದೆ.” ಹುಡುಗಿಗೆ ತಮಿಳು ಚೆನ್ನಾಗಿ ಬರುತ್ತಿತ್ತು. ನನ್ನ ಕಡೆ ತಿರುಗಿ ನೋಡಲಿಲ್ಲ.

ಅವಧಿ ಮೀರಿ ಒಂದು ದಿನ ಉಳಿದರೂ ಮುಂದೆ ವೀಸಾ ಸಿಗುವುದು ಕಷ್ಟ ಎಂದು ಕಾಲೇಜಿನವರು ಹೇಳಿದರು. ಕಾಗದ ಸರಿಯಿಲ್ಲದೆ ಆಸ್ಪತ್ರೆಯ ಕೆಲಸಕ್ಕೂ ಕಳಿಸುವಂತಿರಲಿಲ್ಲ. ಊರಿಗೆ ಹೋಗಿ ಹೊಸ ವೀಸಾ ಪಡೆದು ಬಾ ಎಂದರು. ಅವಳು ಜನವರಿ ಮುಗಿಯಲು ಎರಡು ದಿನ ಇರುವಾಗ ಹೊರಟಳು. ಬಾಗಿಲಿನ ಹಾಳೆಯನ್ನು ಉಗುರಿನಲ್ಲಿ ಮೆಲ್ಲಗೆ ಬಿಡಿಸಿ, ಮಡಿಸಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು. ಅದರಲ್ಲಿದ್ದ ಒಂದು ಸಾಲನ್ನೂ ಅವಳು ಮುರಿದಿರಲಿಲ್ಲ.

ಬಸ್ ನಿಲ್ದಾಣದವರೆಗೆ ಹೋದೆ. ಕ್ಷಮಿಸು ಎನ್ನುವುದು ನನಗೆ ಬಾಯಿಗೆ ಬರುವ ಮಾತಲ್ಲ, ಅವತ್ತು ಹೇಳಿದೆ. ಅವಳು ರೂಮಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಬತ್ತೀನಕ್ಕ” ಎಂದಳು. ಹೊರಡುವಾಗ ಹೋಗುತ್ತೇನೆ ಎನ್ನಬಾರದು ಎಂದು ನಾನೇ ಕಲಿಸಿದ್ದೆ. ದಿನಾ ಬೆಳಗ್ಗೆ ಹೇಳುವ ಹಾಗೆಯೇ ಹೇಳಿ ಬೆಂಗಳೂರಿನ ಬಸ್ಸು ಹತ್ತಿದಳು.

ಹತ್ತು ದಿನ ಕಳೆದು ಅದೇ ಮನುಷ್ಯ ಬಂದ. ಅದೇ ಹೆಲ್ಮೆಟ್ಟು, ಫೈಲು. ಈ ಸಲ ಮೇಲೆ ಹತ್ತಿ ನೋಡಬೇಕು ಎಂದ. ಬೀಗ ತೆಗೆದೆ. ಅಡುಗೆಮನೆಯಲ್ಲಿ ಇಲಿ ಕಾಟ ಎಂದು ನನ್ನ ಗಂಡ ಹಿಂದಿನ ವಾರವಷ್ಟೇ ರಾಗಿ ಮೂಟೆಗಳನ್ನು ಅಲ್ಲಿಗೆ ಸಾಗಿಸಿದ್ದರು. ಐದು ಮೂಟೆ, ಗೋಡೆಗೆ ಒರಗಿದ್ದವು. ಅವನು ಮೂಟೆ ನೋಡಿದ, ನನ್ನ ಮುಖ ನೋಡಿದ.

“ಇದ್ದಳು ಸಾರ್,” ಎಂದೆ. “ಎರಡೂವರೆ ವರ್ಷ ಇಲ್ಲೇ ಇದ್ದಳು. ಬರ್ಕೊಳ್ಳಿ.”

ಅವನು ಒಳ್ಳೆಯವನೇ. ಬೇಸರದಿಂದಲೇ ಹೇಳಿದ, ಈಗ ಯಾರಿದ್ದಾರೆ ಎಂದು ಮಾತ್ರ ಇದರಲ್ಲಿ ಬರೆಯುವುದು ಎಂದು.

ಅವಳಿಂದ ಆಗಾಗ ಸಂದೇಶ ಬರುತ್ತದೆ. ಹೊಸ ವೀಸಾ ಇನ್ನೂ ಆಗಿಲ್ಲ ಅಕ್ಕ ಎಂದಷ್ಟೇ ಇರುತ್ತದೆ. ಅವಳ ಜೊತೆಯವರು ಓದು ಮುಗಿಸಿದ್ದಾರೆ. ಆ ಮನುಷ್ಯ ಎರಡನೆಯ ಸಲ ಬಂದ ದಿನ ಮಾತ್ರ ಅವನು ಬರೆದದ್ದನ್ನು ನಾನು ಎರಡು ಸಲ ಓದಿದೆ. ಮೇಲ್ಕಂಡ ವಿಳಾಸದಲ್ಲಿ ಯಾರೂ ವಾಸವಿಲ್ಲ. ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಹಾಕಿಕೊಟ್ಟೆ.