ಒಂದು ಹನಿಯೂ ಸೋರದ ಗಡಿಗಿ

ಆ ವರ್ಷ ನಮ್ಮ ಗ್ಯಾಲರಿಯ ಮುಳಗಾಯಿ ಗಿಡಕ್ಕೆ ಮನೆಯಲ್ಲಿ ನನಗಿಂತ ಹೆಚ್ಚು ಮಾನ ಇತ್ತು. ಬೆಳಿಗ್ಗೆ ಎದ್ದವರೇ ಅತ್ತೆ ಮೊದಲು ಅದರ ಮುಖ ನೋಡುವರು, ಆಮೇಲೆ ದೇವರದು, ಚಹಾ ಕುಡಿದ ಮೇಲೆ ನನ್ನದು.

ಕಾರಣವೂ ಇತ್ತು ಅನ್ನಿ. ಅತ್ತೆಯ ತವರು ಬಾಗಲಕೋಟೆ ಕಡೆ, ಹೊಳೆಯ ದಂಡೆ. ಅಲ್ಲಿಯ ಹಸಿರು ಬದನೆಗೆ, ಅವರ ಮುಳಗಾಯಿಗೆ, ತೊಟ್ಟಿನ ತುಂಬ ಮುಳ್ಳು, ಒಳಗೆ ಬೆಣ್ಣೆ. ಪುಣೆಯ ಭಾಜಿ ಮಾರ್ಕೆಟ್ಟಿನ ಬದನೆಕಾಯಿಯನ್ನು ಅವರು ಕಾಯಿ ಅಂತಲೇ ಒಪ್ಪಿಕೊಂಡಿಲ್ಲ. ನಮ್ಮ ಮನೆಗೆ ಇರಲು ಬಂದಾಗ ಟ್ರಂಕಿನ ತಳದಲ್ಲಿ, ಹಳೇ ಸೀರೆಯ ತುಂಡಿನಲ್ಲಿ, ಬೂದಿ ಕಲಸಿದ ಬೀಜದ ಗಂಟು ತಂದಿದ್ದರು. ಎರಡು ಮಳೆಗಾಲ ನಾನು ಅದರಿಂದ ಚಿಟಿಕೆ ಚಿಟಿಕೆ ತೆಗೆದು ಹಾಕಿ, ಒಮ್ಮೆ ನೀರು ಹೆಚ್ಚಾಗಿ ಕೊಳೆಸಿದೆ, ಒಮ್ಮೆ ಮರೆತು ಒಣಗಿಸಿದೆ. ಕೊನೆಗೆ ಗಂಟು ಬಿಚ್ಚಿದರೆ ಎಂಟೇ ಬೀಜ.

"ಇವೂ ಹೋದ್ರ ಮುಗೀತು ನೋಡವಾ," ಅಂದರು ಅತ್ತೆ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಹಾಗಾಗಿ ನಾನು ನಲವತ್ತೊಂಬತ್ತನೇ ವಯಸ್ಸಿನಲ್ಲಿ ವಿದ್ಯಾರ್ಥಿನಿಯಾದೆ. ಮಗರಪಟ್ಟಾದಿಂದ ಸ್ವಲ್ಪ ಆಚೆ, ಒಂದು ಉದ್ಯಾನದ ತಗಡಿನ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ಕ್ಲಾಸು. ಕಡಿಮೆ ನೀರಿನಲ್ಲಿ ಮನೆತೋಟ. ಫೀ ಇಲ್ಲ, ಚಾಪೆ ನಾವೇ ತರಬೇಕು. ಕಲಿಸುವವರು ನಿವೃತ್ತ ಶಾಲಾ ಶಿಕ್ಷಕಿ, ಮರಾಠಿಯವರು, ಎಲ್ಲರೂ 'ಬಾಯಿ' ಅನ್ನುತ್ತಿದ್ದೆವು. ನಿವೃತ್ತಿ ಬರೀ ಕಾಗದದ ಮೇಲೆ. ಹಾಜರಿ ಕರೆಯುವರು, ಹೋಮ್‌ವರ್ಕ್ ಕೊಡುವರು, ಮಾಡದಿದ್ದವರನ್ನು ಹಿಂದೆ ಕೂರಿಸುವರು.

ಮೊದಲ ಪಾಠ ಬೆರಳಿನದು. ನೀರು ಹಾಕುವ ಮುಂಚೆ ಮಣ್ಣಿನೊಳಗೆ ಎರಡು ಗೆಣ್ಣಿನಷ್ಟು ಬೆರಳು ಇಳಿಸಿ ನೋಡಬೇಕು. ಹಸಿ ತಗುಲಿದರೆ 'ಘಾಲೂ ನಕಾ', ಹಾಕಬೇಡಿ, ತಂಬಿಗೆ ವಾಪಸ್. ನಾನು ಗಿಡಗಿಡಕ್ಕೂ ಬೆರಳಿಟ್ಟು ಕಣ್ಣುಮುಚ್ಚಿ ನಿಲ್ಲುವುದನ್ನು ನೋಡಿ ನಮ್ಮ ಮನೆಯವರು ಖರಾಡಿಯ ಆಫೀಸಿಗೆ ಹೊರಟವರು ಬಾಗಿಲಲ್ಲೇ ನಿಂತರು.

"ನನಗ ಜ್ವರ ಬಂದಾಗ ಒಮ್ಮೆರೆ ಹಿಂಗ ನಾಡಿ ನೋಡೀಯೇನು?"

"ನೀವು ಒಣಗಿದ್ರ ನೀವ ಹೇಳ್ತೀರಿ. ಅವಕ್ಕ ಬಾಯಿ ಇಲ್ಲರೀ."

ಎರಡನೇ ಪಾಠದಿಂದ ಅಡುಗೆಮನೆಯಲ್ಲಿ ಒಂದು ಬಕೆಟ್ ಬಂದು ಕೂತಿತು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲ ಅದಕ್ಕೆ. ಮೂರನೆಯದು ಒಣಗಿದ ಎಲೆ. ಮಣ್ಣಿನ ಮೇಲೆ ಹೊದಿಸಿದರೆ ನೀರು ಆರುವುದಿಲ್ಲ. ನಾನು ಸೊಸೈಟಿಯ ಬಾದಾಮಿ ಮರದ ಕೆಳಗೆ ಚೀಲ ಹಿಡಿದು ಆರಿಸುತ್ತಿದ್ದರೆ ವಾಚ್‌ಮನ್ ಬಂದು, ಏನಾದರೂ ಕಳೆದಿದೆಯಾ, ಬಂಗಾರದ್ದಾ ಅಂತ ಕೇಳಿ ತಾನೂ ಹುಡುಕತೊಡಗಿದ. ಎಲೆ ಬೇಕು ಅಂದಾಗ ಅವನ ಮುಖದಲ್ಲಿ ಮೂಡಿದ ಮರುಕವನ್ನು ನಾನಿನ್ನೂ ಮರೆತಿಲ್ಲ.

ಎಂಟು ಬೀಜದಲ್ಲಿ ಮೊಳೆತದ್ದು ಒಂದು. ಅರ್ಧಕ್ಕೆ ಕೊಯ್ದ ಡ್ರಮ್ಮಿನಲ್ಲಿ ಅದು ಏಪ್ರಿಲ್ ಹೊತ್ತಿಗೆ ಮೊಳಕಾಲೆತ್ತರ ಆಯಿತು, ಮೊಗ್ಗೂ ಕಟ್ಟಿತು. ಆಗಲೇ ಊರಿನಲ್ಲಿ ನಾದಿನಿಯ ಮಗಳ ಮದುವೆ ಬಂತು. ಮೇ ತಿಂಗಳು, ಹತ್ತು ದಿನ. ನಮ್ಮ ಸೊಸೈಟಿಗೆ ಆಗ ಟ್ಯಾಂಕರ್ ನೀರು. ಕೀಲಿ ಕೊಟ್ಟು ಹೋಗೋಣವೆಂದರೆ ಪಕ್ಕದ ಮನೆಯವರೂ ರಜೆಗೆ ಹೋಗಿಬಿಟ್ಟಿದ್ದರು.

ಬಾಯಿಯವರಿಗೆ ಹೇಳಿದೆ. ಅವರು ಅದನ್ನೇ ಆ ವಾರದ ಪಾಠ ಮಾಡಿದರು. ಬಣ್ಣ ಹಚ್ಚದ ಮಣ್ಣಿನ ಗಡಿಗಿಯನ್ನು ಗಿಡದ ಪಕ್ಕ ಕುತ್ತಿಗೆಯವರೆಗೆ ಹೂಳಬೇಕು, ನೀರು ತುಂಬಿ ಮುಚ್ಚಬೇಕು. ಗಡಿಗಿ ಸಣ್ಣಗೆ ಬೆವರುತ್ತದೆ, ಬೇರು ಬೇಕಾದಷ್ಟು ಹೀರುತ್ತದೆ. ಹತ್ತು ದಿನಕ್ಕೆ ಚಿಂತೆಯಿಲ್ಲ.

ಕುಂಬಾರರ ಅಂಗಡಿಯಿಂದ ಸಣ್ಣ ಗಡಿಗಿ ತಂದೆ. ಸೀರೆ ಮಡಚುವುದು, ಬ್ಯಾಗು ತುಂಬುವುದು ಇವುಗಳ ನಡುವೆ ಅದು ಮೂರು ದಿನ ಅಡುಗೆಮನೆಯ ಮೂಲೆಯಲ್ಲೇ ಉಳಿಯಿತು. ಯಾಕೆ ಅಂತ ಅತ್ತೆ ಕೇಳಿದ್ದಕ್ಕೆ, "ನಾವು ಬರೂಮಟ ಮುಳಗಾಯಿಗೆ ನೀರು ಇದರಾಗರೀ," ಅಂದೆ ಅಷ್ಟೇ. ಹೊರಡುವ ದಿನ ಹೂಳುವಾಗ ಸ್ವಲ್ಪ ಹೊಳಪೇರಿದ ಹಾಗೆ ಕಂಡಿತು. ಒಳ್ಳೇ ಮಣ್ಣು, ಇರಬಹುದು ಅಂದುಕೊಂಡೆ.

"ಗಡಿಗಿ ಚಲೋ ಅದ ಹೌದಿಲ್ಲೋ?" ಅಂದರು ಅತ್ತೆ.

"ಭಾಳ ಚಲೋ ಅದರೀ."

"ನಾ ನೋಡೀನಿ ತಗೋ," ಅಂತ ಸಮಾಧಾನದಿಂದ ಚಪ್ಪಲಿ ಮೆಟ್ಟಿದರು. ನಾವು ಸ್ವಾರಗೇಟಿಗೆ ಹೋಗಿ ಬಸ್ಸು ಹತ್ತಿದೆವು.

ಮದುವೆಯಲ್ಲಿ ಅತ್ತೆ ಅಕ್ಕಿಕಾಳು ಹಾಕಿದ್ದಕ್ಕಿಂತ ಬೀಜ ಕೇಳಿದ್ದೇ ಹೆಚ್ಚು. ಪಂಗತಿಯಲ್ಲಿ ಕೂತ ಮುದುಕಿಯರೆಲ್ಲರನ್ನೂ ವಿಚಾರಿಸಿದರು. "ಈಗ ಯಾರ ಇಡ್ತಾರ ಅದನ್ನ, ಪ್ಯಾಟಿಯಿಂದ ಪಾಕೀಟ ತರ್ತೀವಿ," ಅಂದರು ಎಲ್ಲರೂ. ಹಿಂತಿರುಗುವ ಬಸ್ಸಿನಲ್ಲಿ ಅತ್ತೆ, "ನಮ್ಮ ಗ್ಯಾಲರ್ಯಾಗ ಇರೂದ ಕಡೀದು," ಅಂದು ಕಿಟಕಿಯ ಕಡೆ ತಿರುಗಿದರು.

ಮನೆಗೆ ಬಂದು ಬ್ಯಾಗು ಇಳಿಸದೆ ಗ್ಯಾಲರಿಗೆ ಹೋದೆವು. ಎಲೆಗಳೆಲ್ಲ ಹಪ್ಪಳ. ಮೊಗ್ಗು ಉದುರಿ ಬಿದ್ದಿದ್ದವು. ಗಡಿಗಿಯ ಮುಚ್ಚಳ ತೆಗೆದರೆ ಒಳಗೆ ನೀರು ಕಂಠಮಟ್ಟ, ಅದರಲ್ಲಿ ನನ್ನ ಮುಖ.

"ನೋಡ! ಒಂದ ಹನಿ ಹೋಗಿಲ್ಲ!" ಅತ್ತೆಯ ದನಿಯಲ್ಲಿ ಹೆಮ್ಮೆಯಿತ್ತು. ಆಮೇಲೆ ಗಿಡದ ಕಡೆ ನೋಡಿದರು. ಹೊಸ್ತಿಲ ಮೇಲೆ ಕೂತುಬಿಟ್ಟರು.

ನಾನು ಕಾಂಡವನ್ನು ಉಗುರಿನಿಂದ ಕೆರೆದು ನೋಡಿದೆ. ಮೇಲೆಲ್ಲ ಕಂದು. ಬುಡದಲ್ಲಿ ನಾಲ್ಕು ಬೆರಳಷ್ಟು ಮಾತ್ರ ಹಸಿರು. ಒಣಗಿದ್ದನ್ನು ಕತ್ತರಿಸಿ, ಗಡಿಗಿ ಕಿತ್ತು, ನೀರು ಕೊಟ್ಟು ನೆರಳಿಗೆ ಸರಿಸಿದೆ. ಅತ್ತೆ ಎರಡು ದಿನ ಗಿಡದ ಬುಡ ಬಿಟ್ಟು ಏಳಲಿಲ್ಲ. ಮೂರನೇ ದಿನ ಭಾನುವಾರ. ಸೀರೆ ಉಟ್ಟು ತಯಾರಾಗಿ ನಿಂತಿದ್ದರು.

"ನಾನೂ ಬರ್ತೀನಿ. ಎಂಥಾ ವಿದ್ಯಾ ಕಲಸ್ಯಾಳ, ಕೇಳ್ತೀನಿ ಆಕಿನ್ನ."

ರಿಕ್ಷಾದಲ್ಲಿ ಗಡಿಗಿಯನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದರು. ಶೆಡ್ಡಿನಲ್ಲಿ ಎಲ್ಲರ ಮುಂದೆ ಅದನ್ನು ಬಾಯಿಯವರ ಎದುರು ಕುಕ್ಕಿದರು. ಬಾಯಿ ಅದರಲ್ಲಿ ನೀರು ತುಂಬಿಸಿ, ಹಾಜರಿ ಮುಗಿಸಿ, ಹೋಮ್‌ವರ್ಕ್ ನೋಡಿ, ಆಮೇಲೆ ಗಡಿಗಿಯ ಹೊಟ್ಟೆ ಸವರಿದರು. ಒಣ. ಅಂಗೈ ಮೂಸಿ ನೋಡಿದರು.

"ಆಜಿ," ಅಂದರು ಮೆತ್ತಗೆ, "ಹ್ಯಾಲಾ ತೇಲ ಲಾವಲಂ ಕಾ?" ಎಣ್ಣೆ ಹಚ್ಚಿದಿರಾ ಅಂತ.

"ಲಾವಲಂ ಕೀ!" ಅತ್ತೆ ಎದೆಯುಬ್ಬಿಸಿದರು. ಆಮೇಲೆ ಅವರ ಮರಾಠಿ ಮುಗಿಯಿತು, ಕನ್ನಡ ಹರಿಯಿತು. "ಹೊಸಾ ಗಡಿಗಿ ಪಳಗಿಸದ ಯಾರ ಇಡ್ತಾರ? ಮೊದಲನೇ ದಿನ ಗಂಜಿ ಕುದಿಸೀನಿ. ಎರಡನೇ ದಿನ ಶೇಂಗಾ ಎಣ್ಣಿ, ಒಳಗ ಹೊರಗ. ಮೂರನೇ ದಿನ ಸಣ್ಣ ಉರಿ ಮ್ಯಾಲೆ ಕಾಸಿ ಮತ್ತ ಎಣ್ಣಿ. ಈಕಿ ಸೀರಿ ಮಡಚಗೋತ ಕುಂತಿದ್ಲು, ಈಕಿಗೆ ಏನ ಗೊತ್ತು? ನಲವತ್ತು ವರ್ಷ ಸೋರೂದಿಲ್ಲ ಅದು!"

ನಾನು ತಲೆತಗ್ಗಿಸಿ ಮರಾಠಿಗೆ ತಿರುಗಿಸಿದೆ. ಶೆಡ್ಡು ಬಿದ್ದುಬಿದ್ದು ನಕ್ಕಿತು. ಅತ್ತೆಗೆ ನಗು ಯಾಕೆಂದು ತಿಳಿಯಲಿಲ್ಲ, ಮುಖ ಚಿಕ್ಕದಾಯಿತು.

ಬಾಯಿ ಮಾತ್ರ ನಗಲಿಲ್ಲ. ಅತ್ತೆಯ ಪಕ್ಕ ಚಾಪೆಯ ಮೇಲೆ ಬಂದು ಕೂತು, ನವರಾತ್ರಿಯಲ್ಲಿ ನಿಮ್ಮಲ್ಲೂ ಘಟ ಕೂಡಿಸುತ್ತೀರಲ್ಲ, ಆ ಗಡಿಗಿಗೆ ಎಣ್ಣೆ ಹಚ್ಚುತ್ತೀರಾ ಅಂತ ನನ್ನ ಮೂಲಕ ಕೇಳಿದರು.

"ಅಯ್ಯ, ಅದಕ್ಯಾಕ ಹಚ್ಚೂದು? ಸುತ್ತ ಮಣ್ಣಾಗ ಕಾಳು ಹಾಕಿರ್ತೀವಿ. ಗಡಿಗಿ ಸೋರಬೇಕಲ್ಲ, ಇಲ್ಲಂದ್ರ ಸಸಿ ಹೆಂಗ..."

ಅಲ್ಲಿಗೆ ನಿಂತರು. ಗಡಿಗಿ ನೋಡಿದರು, ನನ್ನನ್ನು ನೋಡಿದರು. ರಿಕ್ಷಾ ಹತ್ತಿದ್ದೇ ತಡ, ನನ್ನ ಮೊಣಕೈ ಚಿವುಟಿದರು.

"ಇದು ಘಟಾ ಕೂಡಿಸಿದ್ಹಂಗ ಅಂತ ಮೊದಲ ಬೊಗಳಬಾರದೇನ?"

"ನನಗೂ ಹೊಳೀಲಿಲ್ಲರೀ ಅತ್ತಿ."

"ವರ್ಷಾ ವರ್ಷಾ ಕೂಡಸ್ತೀವಿ. ಇಬ್ಬರೂ ಶಾಣ್ಯಾರ!"

ದಾರಿಯಲ್ಲೇ ಇಳಿದು ಇನ್ನೊಂದು ಗಡಿಗಿ ಕೊಂಡೆವು. ಅದನ್ನು ಅತ್ತೆಯೇ ಹೂಳಿದರು, ಎಣ್ಣೆಯ ಡಬ್ಬಿ ಮುಟ್ಟಿದ ಕೈ ಎರಡು ಸಲ ತೊಳೆದುಕೊಂಡು. ಮಾರನೇ ಬೆಳಿಗ್ಗೆ ಅದರ ಸುತ್ತಲ ಮಣ್ಣಿನಲ್ಲಿ ಅವರೇ ಬೆರಳಿಟ್ಟು, ಕಣ್ಣುಮುಚ್ಚಿ, "ತಂಪ ಅದ" ಅಂದರು. ಆದರೂ ಮೂರು ವಾರ ಗಿಡ ಬರೀ ಮೋಟು ಕಡ್ಡಿ. ನಮ್ಮ ಮನೆಯವರು ಅದಕ್ಕೆ ಟವೆಲ್ ನೇತುಹಾಕುವ ಮಾತಾಡಿ ತಾಯಿಯಿಂದ ಬೈಸಿಕೊಂಡರು. ಮೊದಲ ಮಳೆ ಬಿದ್ದ ವಾರ ಬುಡದಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಅತ್ತೆ ನನ್ನನ್ನು ಕರೆದು ತೋರಿಸಿ, ಕನ್ನಡಕ ಹಾಕಿಸಿ ಇನ್ನೊಮ್ಮೆ ತೋರಿಸಿದರು.

ಶ್ರಾವಣದಲ್ಲಿ ಕಾಯಿ ಬಿಟ್ಟಿತು, ಒಂದೇ ಒಂದು. ನಾನು ಮನಸ್ಸಿನಲ್ಲೇ ಶೇಂಗಾ ಪುಡಿ, ಗುರೆಳ್ಳು ಪುಡಿ ತುಂಬಿ ಎಣ್ಣೆಗಾಯಿ ಮಾಡಿ ಮುಗಿಸಿದ್ದೆ. ಅತ್ತೆ ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿದರು. "ಬೀಜಕ್ಕ ಬಿಟ್ಟೀನಿ. ಯಾರರೆ ಹರದ್ರ ನೋಡ್ರಿ." ಅದು ಗ್ಯಾಲರಿಯಲ್ಲಿ ಹಳದಿಯಾಗುತ್ತ ಕೂತಿತು, ಒಳಗೆ ನಾವು ಮಾರ್ಕೆಟ್ಟಿನ ಕಾಯಿಯ ಎಣ್ಣೆಗಾಯಿ ತಿಂದೆವು. ಏನೂ ರುಚಿ ಇಲ್ಲ ಅನ್ನುತ್ತಲೇ ಅತ್ತೆ ಎರಡನೇ ಸಲ ಬಡಿಸಿಕೊಂಡರು. ಎಣ್ಣೆ ಕುಡಿದ ಆ ಮೊದಲ ಗಡಿಗಿಯಲ್ಲಿ ಈಗ ಮೊಸರು ಹೆಪ್ಪು ಹಾಕುತ್ತೇವೆ. ಅಂಥ ಗಟ್ಟಿ ಮೊಸರು ನಾನು ಬೇರೆಲ್ಲೂ ಕಂಡಿಲ್ಲ.

ಘಟ ಕೂಡಿಸುವ ಮುಂಚಿನ ಭಾನುವಾರ ಅತ್ತೆ ಕ್ಲಾಸಿಗೆ ಬಂದರು. ಬೀಜದ ಗಂಟು ಮತ್ತೆ ದಪ್ಪವಾಗಿತ್ತು. ಪತ್ರಿಕೆಯ ತುಂಡಿನಲ್ಲಿ ಚಿಟಿಕೆ ಚಿಟಿಕೆ ಕಟ್ಟಿ, ಮೊದಲನೆಯದನ್ನು ಬಾಯಿಯವರಿಗೆ ಕೊಟ್ಟು, ಉಳಿದದ್ದನ್ನು ಚಾಪೆ ಚಾಪೆಗೂ ಹಂಚುತ್ತ ಹೋದರು. ಪ್ರತಿಯೊಬ್ಬರ ಕೈಗೂ ಪೊಟ್ಟಣ ಇಟ್ಟು, ಬೆರಳೆತ್ತಿ, ತಮಗೆ ಬರುವ ಅಷ್ಟೇ ಮರಾಠಿಯಲ್ಲಿ ತಾಕೀತು ಮಾಡಿದರು:

"ತೇಲ ಲಾವೂ ನಕಾ!"