ಗಾಳಿ ಬೇಗ ತಿರುಗಿದ ದಿನ

ಮದ್ರಾಸಿನ ಅಡ್ಯಾರಿನ ಆಫೀಸಿನಲ್ಲಿ ಕೂತು ಆಸ್ಟ್ರೇಲಿಯಾದ ದಕ್ಷಿಣದ ಬೆಟ್ಟಗಳಲ್ಲಿ ಬೀಸುವ ಗಾಳಿಯನ್ನು ನೋಡುವುದು ನನ್ನ ಕೆಲಸ. ಅಲ್ಲಿನ ಒಂದು ವಿದ್ಯುತ್ ಕಂಪನಿಗೆ ನಾವು ಹವಾಮಾನ ಹೇಳುತ್ತೇವೆ. ಬೇಸಿಗೆಯಲ್ಲಿ ಆ ಕಡೆ ಹುಲ್ಲೆಲ್ಲ ಒಣಗಿ ಗರಿಗರಿಯಾಗಿರುತ್ತದೆ. ಉತ್ತರದ ಮರುಭೂಮಿಯಿಂದ ಬಿಸಿಗಾಳಿ ಬಂದರೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು, ಒಂದೇ ಕಿಡಿಗೆ ಬೆಟ್ಟವೇ ಹೊತ್ತಿಕೊಳ್ಳಬಹುದು. ಅಂಥ ದಿನ ಬರುತ್ತಿದೆ ಎಂದು ನಾವು ಮೊದಲೇ ತಿಳಿಸಿದರೆ, ಕಂಪನಿಯವರು ಗಾಳಿ ಏಳುವ ಮುಂಚೆಯೇ ಆ ಬೆಟ್ಟಗಳ ಕರೆಂಟು ತೆಗೆದುಬಿಡುತ್ತಾರೆ. ಇಲ್ಲೇ ವಡಪಳನಿಯಲ್ಲಿ ಹೋಟೆಲು ನಡೆಸುವ ನನ್ನ ಅಪ್ಪನಿಗೆ ಇದನ್ನು ವಿವರಿಸಿದಾಗ ಅವರು ಕಾಫಿ ಲೋಟ ಕೆಳಗಿಟ್ಟು, “ಕರೆಂಟ್ ತೆಗೂಕೆ ಸಂಬ್ಳ ಕೊಡ್ತ್ರಾ ನಿಂಗೆ?” ಎಂದು ಕೇಳಿದ್ದರು.

ನನಗೆ ಈ ಕೆಲಸ ಕಲಿಸಿದವರು ನಮ್ಮ ತಂಡದ ಹಿರಿಯರು. ಸರ್ಕಾರಿ ನೌಕರಿಯಲ್ಲಿ ಮಳೆ, ಚಂಡಮಾರುತಗಳನ್ನು ನೋಡಿ ನಿವೃತ್ತರಾದ ಮೇಲೆ ಇಲ್ಲಿಗೆ ಬಂದವರು. ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇರುವ ಶ್ರೀವೈಷ್ಣವ ಕುಟುಂಬ ಅವರದು. ಅವರ ಕನ್ನಡದಲ್ಲಿ ಅರ್ಧ ತಮಿಳೇ ಇರುತ್ತಿತ್ತು, ನನ್ನದರಲ್ಲಿ ಕುಂದಾಪುರ ಇಣುಕುತ್ತಿತ್ತು. ಆದರೂ ನಾವಿಬ್ಬರೇ ಇದ್ದಾಗ ಕನ್ನಡದಲ್ಲೇ ಮಾತು. ಕಂಪ್ಯೂಟರಿನ ಅಂಕಿಗಳನ್ನು ಅವರು ನಂಬುತ್ತಿದ್ದರು, ಆದರೆ ಅಷ್ಟಕ್ಕೇ ತೃಪ್ತರಾಗುತ್ತಿರಲಿಲ್ಲ. ಬೆಳಗಿನ ವಿಡಿಯೋ ಮೀಟಿಂಗಿನಲ್ಲಿ, ಅಲ್ಲಿನ ಕಂಟ್ರೋಲ್ ರೂಮಿನ ಹೆಂಗಸಿಗೆ ಕ್ಯಾಮೆರಾವನ್ನು ಕಿಟಕಿಯತ್ತ ತಿರುಗಿಸಲು ಹೇಳಿ ಆಕಾಶ ನೋಡುತ್ತಿದ್ದರು.

ಆ ಹೆಂಗಸು ನನಗಿಂತ ಸ್ವಲ್ಪ ದೊಡ್ಡವಳು, ನಗುಮುಖದವಳು. ಅವಳ ಮನೆ ಇದ್ದದ್ದೂ ನಾವು ಕರೆಂಟು ತೆಗೆಸುತ್ತಿದ್ದ ಬೆಟ್ಟದ ಮೇಲೆಯೇ. ಗಂಡ ಹೆಂಡತಿ ಅಲ್ಲಿ ಏಪ್ರಿಕಾಟ್ ಮರಗಳನ್ನು ಬೆಳೆಸಿದ್ದರು. ಅಲ್ಲಿಗೆ ಪೇಟೆಯ ನೀರು ಬರುವುದಿಲ್ಲ, ಮಳೆನೀರು ತುಂಬಿದ ಟ್ಯಾಂಕು, ಅದಕ್ಕೊಂದು ಪಂಪು. ಕರೆಂಟು ಹೋದರೆ ನಲ್ಲಿಯಲ್ಲಿ ಹನಿ ನೀರೂ ಬರುವುದಿಲ್ಲ ಎಂದು ಅವಳು ತಮಾಷೆಯಾಗಿ ದೂರುತ್ತಿದ್ದಳು. ಹಿರಿಯರೂ ನಗುತ್ತಿದ್ದರು. ನಮ್ಮ ಊರಿನ ನೀರಿನ ಲಾರಿ ಕಳಿಸಲೇ ಎಂದು ಕೇಳುತ್ತಿದ್ದರು.

ಅದು ಜನವರಿ. ಇಲ್ಲಿ ಪೊಂಗಲ್ ಹತ್ತಿರ ಬಂದು, ಬೆಳಿಗ್ಗೆ ಬಾಗಿಲುಗಳ ಮುಂದೆ ದೊಡ್ಡ ಕೋಲಂ ರಂಗೋಲಿಗಳು, ಹಿತವಾದ ಚಳಿ. ಅಲ್ಲಿ ಬಿಸಿಲು ಏರುತ್ತಲೇ ಇತ್ತು. ಬಿಸಿಗಾಳಿ ಬಲವಾಗಿ ಬೀಸುತ್ತದೆ, ಸಂಜೆ ಕಡಲ ಕಡೆಯಿಂದ ತಂಪುಗಾಳಿ ಬಂದು ದಿಕ್ಕು ತಿರುಗುತ್ತದೆ ಎಂದು ನಾವಿಬ್ಬರೂ ಒಪ್ಪಿ ಬರೆದೆವು. ಅಲ್ಲಿನ ಬೆಳಗ್ಗೆಯೇ ಕರೆಂಟು ತೆಗೆದರು. ತನ್ನ ಮನೆಯಿದ್ದ ಬೆಟ್ಟದ ಲೈನನ್ನು ಅವಳೇ ಬಂದ್ ಮಾಡಿದಳು. ಗಂಡ ಜನರೇಟರ್ ಸಿದ್ಧ ಮಾಡಿಕೊಂಡಿದ್ದಾನೆ, ಯೋಚನೆಯಿಲ್ಲ ಎಂದಳು.

ತಂಪುಗಾಳಿ ನಾವು ಹೇಳಿದ್ದಕ್ಕಿಂತ ಬೇಗ ಬಂತು. ಬಿಸಿಗಾಳಿ ಇಳಿಯಿತು. ಆದರೆ ಬಿಸಿಗಾಳಿ ಇಳಿದ ತಕ್ಷಣ ಕರೆಂಟು ಕೊಡಲಾಗುವುದಿಲ್ಲ. ಕೊಂಬೆ ಬಿದ್ದಿದೆಯೇ, ತಂತಿ ಹರಿದಿದೆಯೇ ಎಂದು ಜನ ಹೋಗಿ ಕಣ್ಣಾರೆ ನೋಡಬೇಕು. ಅವರು ನೋಡಿಕೊಂಡು ಬರುವಷ್ಟರಲ್ಲಿ ಕೆಳಗಿನ ರಸ್ತೆಯ ಪಕ್ಕ, ಯಾವುದೋ ಗಾಡಿಯ ಕಾದ ಇಂಜಿನ್ನಿನಿಂದ ಒಣಹುಲ್ಲಿಗೆ ಬೆಂಕಿ ಹತ್ತಿತು. ತಿರುಗಿದ ಗಾಳಿ ಅದನ್ನು ನೇರ ಅವಳ ಮನೆಯಿದ್ದ ಬೆಟ್ಟಕ್ಕೆ ಹತ್ತಿಸಿತು. ನಮ್ಮ ಪರದೆಯ ಮೇಲೆ ಉಪಗ್ರಹದ ಚಿತ್ರದಲ್ಲಿ ಸಣ್ಣ ಬೂದುಬಣ್ಣದ ಗರಿಯಂತೆ ಹೊಗೆ ಕಂಡಿತು. ಹಿರಿಯರು ಎದ್ದು ನಿಂತರು. ಮಾಡುವುದಕ್ಕೆ ನಮಗೆ ಏನೂ ಇರಲಿಲ್ಲ.

ಮರುದಿನ ಅವಳು ಮೀಟಿಂಗಿಗೆ ಬಂದೇ ಬಂದಳು. ಮೈಮೇಲೆ ಯಾರದೋ ದೊಗಳೆ ಅಂಗಿ. ಜನರೇಟರ್ ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲವಂತೆ, ಪಂಪು ಓಡದೆ ಬೆಂಕಿಗೆ ಹಾಯಿಸಲು ನೀರೇ ಸಿಗಲಿಲ್ಲವಂತೆ. ಗಂಡ ಸಾಕಷ್ಟು ಹೊತ್ತು ಹೆಣಗಾಡಿ, ಕೊನೆಗೆ ಬಿಟ್ಟು ಕಾರು ಹತ್ತಿದನಂತೆ. ಅವನಿಗೇನೂ ಆಗಿಲ್ಲ, ಮನೆ ಪೂರ್ತಿ ಹೋಯಿತು, ಮರಗಳೂ ಹೋದವು ಎಂದಳು. ಆಮೇಲೆ ತಾನೇ ಮುಂದುವರಿಸಿ, ಅದೇ ಲೈನಿನ ಮೇಲೆ ಇನ್ನೊಂದು ಕಡೆ ದೊಡ್ಡ ಕೊಂಬೆ ಬಿದ್ದಿದ್ದನ್ನು ಕೆಲಸದವರು ಕಂಡರು, ಕರೆಂಟು ಇದ್ದಿದ್ದರೆ ಅಲ್ಲಿಂದ ಕಣಿವೆಯ ಶಾಲೆಯ ಕಡೆಗೇ ಬೆಂಕಿ ಹೋಗುತ್ತಿತ್ತು, ನೀವು ಹೇಳಿದ್ದು ಸರಿಯಾಗಿಯೇ ಇತ್ತು ಎಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಹಿರಿಯರಿಗೆ ಸಹಿಸಿಕೊಳ್ಳುವುದು ಸುಲಭವಾಗುತ್ತಿತ್ತೋ ಏನೋ.

ಪರದೆ ಆರಿದ ಮೇಲೆ ಹಿರಿಯರು ಕನ್ನಡಕ ತೆಗೆದು ಒರೆಸಿದರು.

“ಆ ಪಂಪು ನಂಗೆ ಗ್ಯಾಪಕಾನೇ ಬರ್ಲಿಲ್ಲಮ್ಮ,” ಎಂದರು. “ಎಷ್ಟು ತಡವೆ, ಎಷ್ಟು ಸಲ ಹೇಳಿದ್ಲು ಅವ್ಳು. ನಾನು ಲಾರಿ ಕಳಿಸ್ಲಾ ಅಂತ ಕೇಲಿ ಮಾಡ್ದೆ.”

“ಕೊಂಬೆ ಬಿದ್ದದ್ದು ನಿಜ ಅಲ್ವಾ ಸಾರ್? ಆ ಶಾಲೆ ಉಳೀತಲ್ಲ.”

“ಉಳೀತು. ಅದನ್ನ ಯಾರು ಇಲ್ಲ ಅಂದ್ರು?”

ಹತ್ತಿಕೊಳ್ಳದೆ ಹೋದ ಬೆಂಕಿಯನ್ನು ಯಾರಿಗೂ ತೋರಿಸಲಾಗುವುದಿಲ್ಲ. ಸುಟ್ಟ ಮನೆಯ ಫೋಟೋ ಮಾತ್ರ ಅಲ್ಲಿನ ಪತ್ರಿಕೆಗಳಲ್ಲೆಲ್ಲ ಬಂತು.

ಆ ಬೇಸಿಗೆ ಮುಗಿಯುವವರೆಗೂ ಅವರು ಕೆಲಸಕ್ಕೆ ಬಂದರು. ಆದರೆ ಸಲಹೆ ಬರೆದಿಟ್ಟು, ಕಳಿಸುವ ಗುಂಡಿ ಒತ್ತದೆ, ಇನ್ನೊಮ್ಮೆ ನೋಡಮ್ಮ ಎಂದು ನನ್ನ ಕಡೆ ಪರದೆ ತಿರುಗಿಸುತ್ತಿದ್ದರು. ಆಕಾಶ ತೋರಿಸು ಎಂದು ಕೇಳುವುದು ನಿಂತಿತು. ಒಂದು ದಿನ ಮೊಣಕಾಲು ನೋವಿನ ಕಾರಣ ಹೇಳಿ ಕೆಲಸ ಬಿಟ್ಟುಬಿಟ್ಟರು.

ಈಗ ನಮ್ಮ ಸಲಹೆಯಲ್ಲಿ ಹೊಸದಾಗಿ ಒಂದು ಸಾಲು ಇರುತ್ತದೆ. ಪಂಪನ್ನೇ ನಂಬಿಕೊಂಡಿರುವ ಮನೆಗಳಿಗೆ ಹಿಂದಿನ ದಿನವೇ ಫೋನು ಮಾಡಿ, ಜನರೇಟರನ್ನು ಓಡಿಸಿ ನೋಡಿಕೊಳ್ಳಲು ಹೇಳಬೇಕು ಎಂದು. ನಾನು ಕೇಳಿದೆ, ಕಂಪನಿಯವರು ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದ್ದೇ ನನ್ನನ್ನು ಹೆಚ್ಚು ನೋಯಿಸಿತು. ಯಾರಾದರೂ ಮೊದಲೇ ಕೇಳಬಹುದಿತ್ತು.

ಕಳೆದ ಮಳೆಗಾಲದಲ್ಲಿ ಚಂಡಮಾರುತ ಬರುತ್ತಿದೆ ಎಂದಾಗ ನಮ್ಮಲ್ಲೂ ಗಾಳಿ ಏರುವ ಮುಂಚೆ ಕರೆಂಟು ತೆಗೆದರು. ಗಾಳಿ ಕಡಿಮೆಯಾದ ಮೇಲೆ ನಾನು ಹಿರಿಯರ ಮನೆಗೆ ಹೋದೆ. ಅವರ ಫ್ಲ್ಯಾಟುಗಳ ಕಟ್ಟಡದಲ್ಲಿ ಎಲ್ಲರ ಮನೆಯಲ್ಲೂ ಬಕೆಟ್ಟು, ಕೊಡ, ತಪ್ಪಲೆಗಳಲ್ಲಿ ನೀರು. ಹಿಂದಿನ ದಿನ ಹಿರಿಯರೇ ಬಾಗಿಲು ಬಾಗಿಲಿಗೆ ಹೋಗಿ ನೀರು ತುಂಬಿಟ್ಟುಕೊಳ್ಳಲು ಹೇಳಿ ಬಂದರು ಎಂದು ಅವರ ಹೆಂಡತಿ, ಮಾಮಿ, ತಿಳಿಸಿದರು. ನಾನು ಆ ಹೊಸ ಸಾಲಿನ ವಿಷಯ ತಿಳಿಸಿದೆ. “ನಲ್ಲದು, ಒಳ್ಳೇದಾಯ್ತು,” ಎಂದರು ಹಿರಿಯರು. ಆಮೇಲೆ, “ಅವ್ಳು ಮನೆ ಕಟ್ಕೊಂಡ್ಲಾ?” ಎಂದು ಕೇಳಿದರು.

“ಇಲ್ಲ ಸಾರ್. ಜಾಗ ಮಾರಿ ಕಡಲ ಹತ್ರ ಯಾವುದೋ ಊರಿಗೆ ಹೋದ್ರು. ಕೆಲಸವನ್ನೂ ಬಿಟ್ಲು.”

ಅವರು ತಲೆಯಾಡಿಸಿದರು. ಮಾಮಿ ಗ್ಯಾಸ್ ಹಚ್ಚಿ ಕಾಫಿಗೆ ಹಾಲು ಇಟ್ಟರು. ಕೆಳಗೆ ಬೀದಿಯಲ್ಲಿ ಯಾರೋ ಬಿದ್ದ ಮರವನ್ನು ಕಡಿಯುತ್ತಿದ್ದರು.