ಗಂಗತ್ತೆಯ ಮಡಿಲಕ್ಕಿ

ನೆನೆಸಿದ ಮೆಂತ್ಯದ ಕಹಿ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಮೊದಲು ಮೊರ ನೆನಪಾಗುತ್ತದೆ, ಮೊರದ ಬೆನ್ನಿಗೇ ಗಂಗತ್ತೆ. ಮೊನ್ನೆ ಮಧುಗಿರಿಯ ಸಂತೆಯಲ್ಲಿ ಹೆಂಗಸೊಬ್ಬಳು ಹೊಸ ಬಿದಿರಿನ ಮೊರಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಕೂತಿದ್ದಳು. ಈಗ ಮೊರ ಯಾರಿಗೆ ಬೇಕು ಹೇಳಿ? ಅಕ್ಕಿಯೇ ಕಲ್ಲು ಕಸವಿಲ್ಲದೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಆದರೂ ಕಾಲು ಮುಂದೆ ಹೋಗಲಿಲ್ಲ, ಒಂದು ಕೊಂಡು ತಂದೆ. ಮೆಂತ್ಯದ ಜೊತೆ ಹಳೆಯ ಪೇಪರಿನ ಚೂರು ನೆನೆಸಿ, ನುಣ್ಣಗೆ ರುಬ್ಬಿ, ಹಿತ್ತಿಲ ಬಿಸಿಲಿಗೆ ಕೂತು ಬಳಿಯತೊಡಗಿದೆ. ಗಂಗತ್ತೆ ಬಳಿದರೆ ಬಿದಿರಿನ ಒಂದು ಸಂದೂ ಕಾಣುತ್ತಿರಲಿಲ್ಲ, ಕೈಯಾಡಿಸಿದರೆ ಸಾರಿಸಿದ ನೆಲದ ಹಾಗೆ ತಣ್ಣಗೆ ಇರುತ್ತಿತ್ತು. ನಾನು ಬಳಿದದ್ದು ಗಂಟುಗಂಟಾಯಿತು. ಅವಳಿದ್ದಿದ್ದರೆ ನನ್ನ ಕೈ ಸರಿಸಿ, ತಾನೇ ಕೂತು ಮಾಡಿ ಮುಗಿಸುತ್ತಿದ್ದಳು.

ಕೊಡಿಗೇನಹಳ್ಳಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮೂರು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೇಸಿಗೆಯಲ್ಲಿ ಮೇಲೆ ಹುಣಸೆಹಣ್ಣು ಒಣಗಿದರೆ ಕೆಳಗೆ ನಡುಮನೆಯಲ್ಲೆಲ್ಲ ಹುಳಿ ವಾಸನೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ತಟ್ಟೆಯಷ್ಟಗಲ ನೆಲಕ್ಕೆ ಬೀಳುತ್ತಿತ್ತು. ಆ ಬಿಸಿಲು ಎಲ್ಲಿ ಸರಿಯುತ್ತಿತ್ತೋ ಅಲ್ಲಿಗೆ ಗಂಗತ್ತೆಯೂ ಮೊರದ ಸಮೇತ ಸರಿಯುತ್ತಿದ್ದಳು. ಅವಳು ನನ್ನಪ್ಪನ ಅಕ್ಕ. ಪಾವಗಡದ ಆಚೆ, ತೆಲುಗು ಮಾತಾಡುವ ಊರಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಎಂಟು ವರ್ಷ ಬಾಳಿದಳು, ಮಕ್ಕಳಾಗಲಿಲ್ಲ, ಅವಳ ಗಂಡ, ನನ್ನ ಮಾವ, ಹಾವು ಕಚ್ಚಿ ತೀರಿಕೊಂಡರು. ತಮ್ಮನ ಮನೆಗೆ ವಾಪಸು ಬರುವಾಗ ತಂದದ್ದು ಒಂದು ಟ್ರಂಕು, ಬಾಯಿ ತುಂಬ ತೆಲುಗು, ಅಷ್ಟೇ. ನಾನು ಹುಟ್ಟಿದ್ದು ಆಮೇಲೆ. ಅವ್ವನಿಗೆ ಹೊಲ, ದನ, ಮನೆಯ ಕೆಲಸ ಮುಗಿಯುತ್ತಿರಲಿಲ್ಲ, ಹಾಗಾಗಿ ನನ್ನ ತಲೆ ಬಾಚಿದ್ದು, ಹೇನು ಕುಕ್ಕಿದ್ದು, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ತಿರುಗಿದ್ದು ಎಲ್ಲ ಗಂಗತ್ತೆಯೇ. ನಾನು ಜಯಲಕ್ಷ್ಮಿ. ಆದರೆ ನನ್ನನ್ನು ‘ಜಯಿ’ ಎಂದು ಕರೆದವಳು ಅವಳೊಬ್ಬಳೇ.

ಊರಿನಲ್ಲಿ ಯಾರ ಮನೆಯ ಮಗಳು ಗಂಡನ ಮನೆಗೆ ಹೊರಡಲಿ, ಮಡಿಲಕ್ಕಿಗೆ ಮೊರ ನಮ್ಮ ಮನೆಯಿಂದಲೇ ಹೋಗಬೇಕು. ಅಕ್ಕಿ ಕೇರಿ, ಒಂದು ನುಚ್ಚೂ ಉಳಿಯದ ಹಾಗೆ ಆರಿಸಿ, ಅದರ ಮೇಲೆ ಕೊಬ್ಬರಿ ಬಟ್ಟಲು, ಬೆಲ್ಲದ ಅಚ್ಚು, ಅರಿಶಿನದ ಕೊಂಬು, ಎಲೆ ಅಡಿಕೆ ಜೋಡಿಸುತ್ತಿದ್ದಳು ಅತ್ತೆ. ಜೋಡಿಸುವುದು ಅವಳು, ತುಂಬುವುದು ಮುತ್ತೈದೆಯರು. ತುಂಬುವ ಹೊತ್ತಿಗೆ ಅವಳು ಅಡುಗೆಮನೆಯ ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಯಾರೂ ಅವಳಿಗೆ ಹಿಂದೆ ಸರಿ ಎಂದದ್ದನ್ನು ನಾನು ಕೇಳಿಲ್ಲ, ಹೇಳಿಸಿಕೊಳ್ಳುವ ಮೊದಲೇ ಅವಳು ಅಲ್ಲಿರುತ್ತಿದ್ದಳು. ನನಗೆ ಆರೋ ಏಳೋ ವರ್ಷ, ನಿನಗ್ಯಾಕೆ ಯಾರೂ ಮಡಿಲು ತುಂಬಲ್ಲ ಅಂತ ಕೇಳಿಬಿಟ್ಟೆ. ಅತ್ತೆ ನನ್ನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ‘ತುಂಬ್ಕೊಂಡು ಕೂತಿದ್ದೀಯಲ್ಲೇ ನೀನು, ಇನ್ನೆಲ್ಲಿದೆ ಜಾಗ?’ ಅಂದಳು. ನಾನು ಬಹಳ ಹೆಮ್ಮೆಯಿಂದ ಇನ್ನಷ್ಟು ಒತ್ತಿ ಕೂತೆ.

ನನ್ನ ಮದುವೆಯಾಗಿ ಹೊರಡುವ ದಿನ ಅವ್ವ ನನ್ನ ಮಡಿಲು ತುಂಬಿದಳು. ತುಂಬಿಸಿಕೊಂಡ ಮಗಳು ಅದರಲ್ಲಿ ಮೂರು ಹಿಡಿ ಅಕ್ಕಿಯನ್ನು ಮೊರಕ್ಕೆ ಹಿಂದಕ್ಕೆ ಹಾಕಬೇಕು. ತವರನ್ನು ಬರಿದು ಮಾಡಿ ಹೋಗಬಾರದು, ಅದು ತುಂಬಿರಲಿ ಅಂತ. ನಾನು ಅಳುವ ಭರಾಟೆಯಲ್ಲಿ ಮರೆತು ಎದ್ದೇಬಿಟ್ಟೆ. ‘ಲೇ ಜಯಿ, ಮೂರು ಹಿಡಿ ಹಿಂದಕ್ಕಾಕೇ!’ ಬಾಗಿಲ ಹಿಂದಿನಿಂದ ಗಂಗತ್ತೆಯ ಗಂಟಲು ಕೇಳಿತು. ಅಳುತ್ತಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಮೂರು ಹಿಡಿ ಹಾಕಿ ಹೊರಟೆ.

ಈಗ ಆ ಮನೆಯಿಲ್ಲ. ಅಪ್ಪ ತೀರಿಕೊಂಡ ವರ್ಷವೇ ಒಂದು ಮಳೆಗೆ ನಡುಮನೆಯ ಮಾಳಿಗೆ ಕುಸಿಯಿತು, ಉಳಿದದ್ದನ್ನು ಕೆಡವಿದರು. ಅವ್ವನನ್ನೂ ಗಂಗತ್ತೆಯನ್ನೂ ಮಧುಗಿರಿಗೆ, ನಮ್ಮ ಮನೆಗೆ ಕರೆತಂದೆ. ಇಲ್ಲಿ ಹಿತ್ತಿಲಿಗೆ ಬಂದರೆ ಕೋಟೆಯ ಬಂಡೆ ಅಷ್ಟೆತ್ತರಕ್ಕೆ ನಿಂತಿರುತ್ತದೆ. ಅತ್ತೆ ಅದನ್ನು ನೋಡಿ, ‘ಬಿಸಿಲು ಬೇಗ ನುಂಗ್ತದೆ ಕಣೆ ಇದು’ ಎಂದು ದಿನವೂ ಗೊಣಗುತ್ತಿದ್ದಳು. ದಿನವೂ ಅದೇ ಮಾತು, ಹೊಸದಾಗಿ ಕಂಡುಹಿಡಿದವಳಂತೆ. ಬಳಿದು ಒಣಗಿಸಿದ ಮೊರಕ್ಕೆ ಸಂಜೆ ಮತ್ತೆ ಬಳಿಯುತ್ತಿದ್ದಳು. ಆ ಮೊರ ಎಷ್ಟು ಭಾರವಾಯಿತೆಂದರೆ ಒಂದೇ ಕೈಯಲ್ಲಿ ಎತ್ತಲಾಗುತ್ತಿರಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ವಯಸ್ಸಾಯಿತಲ್ಲ, ಎಂದುಕೊಂಡೆವು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿದ್ದರೆ ನೀವೂ ಹಾಗೇ ಅಂದುಕೊಂಡಿರುತ್ತೀರಿ, ಬಿಡಿ. ಮೊರದ ಮೇಲಿನ ಆ ಪದರಗಳನ್ನು ಎಣಿಸಿ ನೋಡುವ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ.

ನನ್ನ ಮಗಳು ಸುಮಾಳ ಸೀಮಂತದ ದಿನ. ಶಿರಾದಿಂದ ಬೀಗರು ಬಂದಿದ್ದರು. ಹಾಲ್‌ನಲ್ಲಿ ಜಮಖಾನದ ಮೇಲೆ ಮುತ್ತೈದೆಯರು ಸಾಲಾಗಿ ಕೂತಿದ್ದರು, ಅವ್ವ ಎಲ್ಲರಿಗೂ ಹಿರಿಯಳಾಗಿ ಮೊರ ಹಿಡಿದು ಸುಮಾಳ ಮಡಿಲು ತುಂಬುತ್ತಿದ್ದಳು. ನಮ್ಮಪ್ಪ ಹೋದ ಮೇಲೂ ಅವ್ವ ತುಂಬಬಹುದೇ ಎಂಬ ಮಾತು ಬಂದಿತ್ತು. ಅವಳೇ ಬೇಕೆಂದು ನಾನು ಹಟ ಹಿಡಿದಿದ್ದೆ, ಅಜ್ಜಿಯಲ್ಲವೇ ಎಂದು ಬೀಗರು ಸುಮ್ಮನಾಗಿದ್ದರು. ಅವ್ವ ಮಾತ್ರ ಮೊರ ಮುಟ್ಟುವಾಗ ಹೆದರುತ್ತಲೇ ಇದ್ದಳು. ಅಷ್ಟರಲ್ಲಿ ಗಂಗತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದವಳೇ, ಸಾಲಿನ ಕೊನೆಗೆ ಕೂತು, ಸೆರಗನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹರವಿ ಹಿಡಿದಳು. ಮುಖದಲ್ಲಿ ನಾಚಿಕೆಯ ಸಣ್ಣ ನಗು. ಅವ್ವನ ಕೈ ನಿಂತಿತು. ಬೀಗಿತ್ತಿ ನನ್ನ ಮುಖ ನೋಡಿದರು. ನಾನು ಹೋಗಿ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ, ಅಡುಗೆಮನೆಗೆ ಕರೆತಂದು, ಇಷ್ಟು ವಯಸ್ಸಾದರೂ ಗೊತ್ತಾಗುವುದಿಲ್ಲವೇ, ಬೀಗರ ಮುಂದೆ ನನ್ನ ಮಾನ ಕಳೆಯುವುದಕ್ಕೇ ಕಾದಿದ್ದೆಯಾ ಎಂದೆಲ್ಲ ಬಾಯಿಗೆ ಬಂದ ಹಾಗೆ ಬೈದೆ. ಅವಳು ಖಾಲಿ ಸೆರಗನ್ನು ಇನ್ನೂ ಹಾಗೇ ಹಿಡಿದುಕೊಂಡು, ‘ನಂದೇನ್ ತಪ್ಪಾಯ್ತಮ್ಮ?’ ಎಂದಳು. ನನ್ನನ್ನು ಜಯಿ ಎನ್ನಲಿಲ್ಲ. ಸಿಟ್ಟಿನಲ್ಲಿ ನಾನು ಅದನ್ನೂ ಗಮನಿಸಲಿಲ್ಲ.

ನಲವತ್ತು ವರ್ಷ ಬಾಗಿಲ ಹಿಂದೆ ನಿಂತವಳು ಬಾಗಿಲು ದಾಟಿ ಬಂದಳೆಂದರೆ, ಬಾಗಿಲ ಹಿಂದೆ ಯಾಕೆ ನಿಲ್ಲಬೇಕೆಂಬುದೇ ಅವಳಿಗೆ ಮರೆತುಹೋಗಿದೆ ಎಂದು ನನಗೆ ಹೊಳೆದದ್ದು ಎರಡು ತಿಂಗಳ ಮೇಲೆ, ತುಮಕೂರಿನ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳಿದಾಗ. ಇದು ಮರೆವಿನ ಕಾಯಿಲೆ, ವಾಸಿಯಾಗುವುದಲ್ಲ, ಹಳೆಯದು ಹತ್ತಿರ ಬರುತ್ತದೆ, ಹತ್ತಿರದ್ದು ಅಳಿಯುತ್ತದೆ, ವಾದ ಮಾಡಬೇಡಿ ಎಂದರು. ಬಸ್ಸಿನಲ್ಲಿ ಬರುವಾಗ ಕೊರಟಗೆರೆಯವರೆಗೂ ಅತ್ತೆ ನನ್ನ ಹೆಗಲಿಗೊರಗಿ ನಿದ್ದೆ ಮಾಡಿದಳು, ನಾನು ಕಿಟಕಿಯ ಕಡೆ ಮುಖ ಮಾಡಿ ಅಳುತ್ತ ಕೂತಿದ್ದೆ. ಕ್ಷಮೆಯನ್ನಾದರೂ ಹೇಗೆ ಕೇಳಲಿ? ಬೈದದ್ದು ನೆನಪಿದ್ದದ್ದು ನನಗೊಬ್ಬಳಿಗೇ.

ಸಂಜೆಗಳು ಕಷ್ಟವಾದವು. ಬಂಡೆಯ ನೆರಳು ಹಿತ್ತಿಲಿಗೆ ಬಂತೆಂದರೆ ಗಂಗತ್ತೆ ಎರಡು ಸೀರೆಯನ್ನು ಗಂಟು ಕಟ್ಟಿಕೊಂಡು ಹೊಸಿಲ ಒಳಗೆ ಕೂತುಬಿಡುತ್ತಿದ್ದಳು. ‘ಪಾವಗಡದ ಬಸ್ಸು ಹೊಂಟೋಯ್ತದೆ ಕಣ್ರಮ್ಮ. ಮಡ್ಲು ತುಂಬ್ಸಿ ಕಳುಸ್ರಿ. ಅಲ್ಲಿ ಅವರು ಕಾಯ್ತಾವ್ರೆ.’ ಅವರು ಎಂದರೆ ಮಾವ. ಡಾಕ್ಟರು ಹೇಳಿದ್ದನ್ನು ಗಾಳಿಗೆ ತೂರಿ ನಾನು ನಿಜ ಹೇಳಿದೆ, ಮಾವ ಹೋಗಿ ಎಷ್ಟು ವರ್ಷವಾಯಿತು ಅತ್ತೆ ಎಂದು. ಅವಳು ಆಗ ತಾನೇ ಸುದ್ದಿ ಕೇಳಿದವಳಂತೆ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಬೆಳಗಾದರೆ ಅದು ಮರೆತುಹೋಗಿರುತ್ತಿತ್ತು, ಸಂಜೆಗೆ ಮತ್ತೆ ಗಂಟು, ಮತ್ತೆ ಹೊಸಿಲು. ಒಂದು ವಾರದಲ್ಲಿ ನಾಲ್ಕು ಸಲ ಮಾವನನ್ನು ಸಾಯಿಸಿದೆ ನಾನು. ಇಷ್ಟಾದರೂ ಅವಳು ಹೊಸಿಲು ದಾಟಿ ಬೀದಿಗೆ ಇಳಿಯುತ್ತಿರಲಿಲ್ಲ. ಬರಿ ಮಡಿಲಲ್ಲಿ ತವರಿಂದ ಹೊರಡಬಾರದೆಂಬುದು ಮಾತ್ರ ಅವಳಿಗೆ ಗಟ್ಟಿಯಾಗಿ ನೆನಪಿತ್ತು.

ಐದನೆಯ ಸಂಜೆ ನಾನು ಮೊರ ಇಳಿಸಿ ಅಕ್ಕಿ ಅಳೆದೆ. ಅವ್ವ ಅಡ್ಡ ಬಂದಳು. ‘ಅದು ಮುತ್ತೈದೇರ್ಗೆ ತುಂಬೋದು ಕಣೆ. ಮನೇಲಿ ಬಸುರಿ ಹುಡುಗಿ ಅವ್ಳೆ. ಅಲ್ದೆ ತುಂಬುಸ್ಬುಟ್ರೆ ಅತ್ತಿಗೆ ಹೊಂಟೇ ಹೋಗ್ತಾರೆ, ಆಮೇಲೆಲ್ಲಿ ಹುಡುಕ್ತೀಯ?’ ಅವ್ವನ ಹೆದರಿಕೆ ಸುಳ್ಳೇನಲ್ಲ. ಸುಮಾಗೆ ತುಂಬು ತಿಂಗಳು. ಏನಾದರೂ ಹೆಚ್ಚುಕಮ್ಮಿಯಾದರೆ ಆ ಮೊರದ ಮೇಲೇ ಬರುತ್ತಿತ್ತು ಮಾತು. ನನಗೂ ಆ ಹೆದರಿಕೆ ಇತ್ತು. ಆದರೆ ಹೊಸಿಲಲ್ಲಿ ಕೂತವಳ ಆ ಹರವಿದ ಸೆರಗನ್ನು ನಾನು ಒಮ್ಮೆ ಖಾಲಿ ಕಳಿಸಿದ್ದೆ, ಎರಡನೆಯ ಸಲ ಆಗಲಿಲ್ಲ. ಅವ್ವ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ನಾನು ಅತ್ತೆಯ ಎದುರು ಕೂತು ಹಿಡಿಹಿಡಿಯಾಗಿ ತುಂಬಿದೆ. ಕೊಬ್ಬರಿ ಇಟ್ಟೆ, ಬೆಲ್ಲ ಇಟ್ಟೆ. ತುಂಬಿ ಮುಗಿಯುತ್ತಲೇ ಅತ್ತೆ, ಯಾರೂ ಹೇಳಿಕೊಡದೆ, ಒಂದು, ಎರಡು, ಮೂರು ಹಿಡಿ ಅಕ್ಕಿಯನ್ನು ಮೊರಕ್ಕೆ ಹಿಂದಕ್ಕೆ ಹಾಕಿದಳು. ‘ತವರು ತಣ್ಣಗಿರ್ಲಿ’ ಎಂದಳು. ನನ್ನ ಹೆಸರು ಮರೆತವಳ ಕೈಗೆ ಅದು ಮರೆತಿರಲಿಲ್ಲ.

ಆಮೇಲೆ ಅವಳ ಕೈ ಹಿಡಿದು ಬೀದಿಗೆ ಇಳಿದೆ. ತುಂಬಿದ ಮಡಿಲನ್ನು ಒಂದು ಕೈಯಲ್ಲಿ ಅವುಚಿಕೊಂಡು ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ನಡೆದಳು. ಅಕ್ಕಪಕ್ಕದವರು ಗೇಟಿನಲ್ಲಿ ನಿಂತು ನೋಡಿದರು, ನೋಡಿಕೊಳ್ಳಲಿ ಎಂದುಕೊಂಡೆ. ಬೀದಿಯ ಕೊನೆಯ ಅರಳಿಕಟ್ಟೆಯಲ್ಲಿ ಸ್ವಲ್ಪ ಕೂತು, ಹಿಂದಿನ ಓಣಿಯಲ್ಲಿ ಸುತ್ತಿ, ಹಿತ್ತಿಲ ಬಾಗಿಲಿನಿಂದ ಮನೆಯೊಳಗೆ ಕರೆತಂದೆ. ನನ್ನ ಲೆಕ್ಕಾಚಾರ ಅಷ್ಟೇ, ಹೋದ ಹಾಗೂ ಆಗಲಿ, ಮನೆಗೆ ಬಂದ ಹಾಗೂ ಆಗಲಿ. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು, ಬಲಗಾಲು ಮೊದಲಿಟ್ಟು, ಒಳಗೆ ನಿಂತಿದ್ದ ಅವ್ವನನ್ನು ಕಂಡು ಮುಖ ಅರಳಿಸಿ, ‘ವಚ್ಚಿನಾ ಅತ್ತಮ್ಮಾ’ ಎಂದಳು. ಬಂದೆ ಅತ್ತಮ್ಮ, ಅಂತ. ಗಂಡನ ಮನೆ ಸೇರಿದ್ದಳು. ಅವ್ವನೇ ಅವಳಿಗೆ ಅತ್ತೆಯಾಗಿಬಿಟ್ಟಿದ್ದಳು. ಅವ್ವ ‘ಬಾರಮ್ಮ, ಕೈಕಾಲು ತೊಳ್ಕೊ’ ಎಂದಳು. ಆ ಸಂಜೆ ಅತ್ತೆ ತಟ್ಟೆ ತುಂಬ ಮುದ್ದೆ ಉಂಡಳು.

ಸುಮಾಳ ಹೆರಿಗೆ ಸುಸೂತ್ರವಾಯಿತು, ಹೆಣ್ಣು ಮಗು. ಒಂದು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಸಂಜೆಗಳು ಹೀಗೇ ಕಳೆದವು. ಮುಂದಿನ ಬಾಗಿಲಿನಿಂದ ಮಗಳಾಗಿ ಹೊರಡುವುದು, ಹಿತ್ತಿಲ ಬಾಗಿಲಿನಿಂದ ಸೊಸೆಯಾಗಿ ಬರುವುದು. ಅದೇ ಅಕ್ಕಿ, ಅದೇ ಕೊಬ್ಬರಿ. ಬೆಲ್ಲ ಮಾತ್ರ ಕಟ್ಟೆಯ ಮೇಲೆ ಅವಳೇ ತಿಂದು ಮುಗಿಸುತ್ತಿದ್ದಳು. ನನಗೆ ಸಾಕಾಗುತ್ತಿರಲಿಲ್ಲವೇ? ಆಗುತ್ತಿತ್ತು. ಕಾಲು ನೋಯುತ್ತಿತ್ತು, ರೇಗುತ್ತಿದ್ದೆ, ಕೆಲವು ಸಂಜೆ ಇದು ಎಂದಿಗೆ ಮುಗಿಯುತ್ತದೋ ಎಂದೂ ಅಂದುಕೊಂಡಿದ್ದೇನೆ. ಅವ್ವ ಮೊರ ಮುಟ್ಟಲಿಲ್ಲ. ಆದರೆ ಮಧ್ಯಾಹ್ನ ನಾನು ಮಲಗಿದ್ದಾಗ ಆ ಅಕ್ಕಿಯನ್ನು ಆರಿಸಿ ಇಡುತ್ತಿದ್ದಳೆಂದು ಎಷ್ಟೋ ದಿನದ ಮೇಲೆ ನನಗೆ ಗೊತ್ತಾಯಿತು.

ನಾಲ್ಕು ದಿನದ ಜ್ವರಕ್ಕೆ ಗಂಗತ್ತೆ ಹೋದಳು, ಒಂದು ಮಧ್ಯಾಹ್ನ. ಕೊನೆಯವರೆಗೂ ನನ್ನನ್ನು ಜಯಿ ಎನ್ನಲಿಲ್ಲ. ಒಂದು ಸಲ ಎನ್ನಲಿ ಎಂದು ನಾನು ಹಾಸಿಗೆಯ ಪಕ್ಕವೇ ಕೂತು ಕಾದೆ. ಊರಿನಿಂದ ನೆಂಟರು ಬಂದರು, ಮುಂಬಾಗಿಲಲ್ಲಿ ಮಲಗಿಸಿದ್ದಾಯಿತು, ಹೊತ್ತಾಯಿತು ಎತ್ತಿ ಎಂದರು ಯಾರೋ. ಆಗ ಅವ್ವ ‘ತಡೀರಿ’ ಎಂದಳು. ಒಳಗೆ ಹೋಗಿ ಆ ಭಾರದ ಮೊರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು, ತುಂಬ ಅಕ್ಕಿ, ಮೇಲೆ ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬು. ಹಿರಿಯರೊಬ್ಬರು, ಇದೇನಮ್ಮ ಇದು, ಪದ್ಧತಿಯಲ್ಲ ಎಂದರು. ಅವ್ವ ಅವರ ಕಡೆ ತಿರುಗಿಯೂ ನೋಡಲಿಲ್ಲ.

‘ನಮ್ಮತ್ತಿಗೆ ತವರಿಂದ ಹೊಂಟವ್ರೆ. ಬರೀ ಮಡ್ಲಲ್ಲಿ ಹೆಂಗೆ ಕಳ್ಸದು?’

ಬಗ್ಗಿ ಕೂತು ಹಿಡಿಹಿಡಿಯಾಗಿ ಅವಳೇ ತುಂಬಿದಳು. ತುಂಬಿ ಮುಗಿದ ಮೇಲೆ ಮೊರವನ್ನು ಕೆಳಗಿಡದೆ ಹಾಗೇ ಹಿಡಿದುಕೊಂಡು ಕಾದಳು. ಏನಕ್ಕೆ ಕಾಯುತ್ತಿದ್ದಾಳೆಂದು ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮುಂದೆ ಬಂದು, ಗಂಗತ್ತೆಯ ಮಡಿಲಿನಿಂದ ಮೂರು ಹಿಡಿ ಅಕ್ಕಿ ತೆಗೆದು, ಅವಳ ಪರವಾಗಿ ನಾನೇ ಹಿಂದಕ್ಕೆ ಹಾಕಿದೆ. ಸಾವಿನ ಮನೆಯ ಅಕ್ಕಿ, ಇಟ್ಟುಕೊಳ್ಳಬಾರದು ಎಂದರು. ಅವ್ವ ಅದನ್ನು ಡಬ್ಬಿಯ ಅಕ್ಕಿಗೆ ಸುರಿದು ಕೈಯಾಡಿಸಿ ಬೆರೆಸಿಬಿಟ್ಟಳು. ಆ ತಿಂಗಳೆಲ್ಲ ನಾವು ಅದನ್ನೇ ಉಂಡೆವು.